ಹೋಗಿ ಬರುತ್ತೇನೆಂದವಳು ಎಲ್ಲಿ ಹೋದಳು?

ಕಳೆದ ಶಿವರಾತ್ರಿಯ ಸುಮಾರಿಗೆ ಘೋಣಸಗಿಗೆ ಹೋಗಿದ್ದೆ. ವಿಜಯಪುರ ಜಿಲ್ಲೆಯ ತಿಕೋಟಾ ತಾಲ್ಲೂಕಿನ ಈ ಹಳ್ಳಿ ನನ್ನ ತಂಗಿಯನ್ನು ಕೊಟ್ಟ ಊರು. ದ್ರಾಕ್ಷಿಯ ಕಟಾವು ನಡೆದಿದ್ದ ಕಾಲ. ಆ ಸೀಮೆಯ ಶೆಡ್ಡುಗಳಲ್ಲಿ ಅಂತಸ್ತು ಅಂತಸ್ತಾಗಿ ಕಟ್ಟಿದ ಬಲೆಗಳ ಮೇಲೆ ಹಸಿ ದ್ರಾಕ್ಷಿ ಒಣಗುತ್ತಿದ್ದಿತು. ಮನೆಯ ಗಂಡಸರಿಗೆ ನಿಂತು ಮಾತನಾಡಲೂ ಬಿಡುವಿರಲಿಲ್ಲ. ಆದುದರಿಂದ ನನ್ನ ಸತ್ಕಾರದ ಭಾರವೆಲ್ಲ ತಂಗಿಯ ಅತ್ತೆಯ ಮೇಲೆ ಬಿದ್ದಿತು. ಎಂಬತ್ತರ ಸಮೀಪಕ್ಕೆ ಬಂದಿರುವ ಆ ಹಿರಿಯಳನ್ನು ಮನೆಮಂದಿಯೆಲ್ಲ ಆಯಿ ಎನ್ನುತ್ತಾರೆ. ನಾನೂ ಹಾಗೆಯೇ ಕರೆಯುತ್ತೇನೆ.

ಚಹ ಕೊಟ್ಟು ಎದುರಿಗೆ ಕುಳಿತ ಆಯಿ ಕ್ಷೇಮಸಮಾಚಾರ ಮುಗಿಯುವ ಮೊದಲೇ ಒಂದು ಪ್ರಶ್ನೆ ಹಾಕಿದರು.

“ಬೀಗರ, ನೀವು ಪತ್ರಿಕಾದಾಗ ಬರಿಯೋರು. ಲೈಸೆನ್ಸ್ ಕೊಡೋ ಆಫೀಸು ಎಲ್ಲೈತಿ ಹೇಳ್ರಿ.”

ಬಂದೂಕಿನ ಲೈಸೆನ್ಸೋ, ಗೊಬ್ಬರದ ಅಂಗಡಿಯ ಲೈಸೆನ್ಸೋ ಎಂದು ನಾನು ಯೋಚಿಸುತ್ತಿರುವಷ್ಟರಲ್ಲಿ ಅವರೇ ಬಿಡಿಸಿ ಹೇಳಿದರು: “ಜಪಾನದ ಹುಡುಗೀದ್ರೀ. ಹೋಗಿ ಬರ್ತೀನಿ ಅಂತ ಹೇಳಿ ಹೋದಾಕಿ, ಹಡಗ ಹತ್ತಿದಳೋ ಇಲ್ಲೋ ಇನ್ನೂ ಗೊತ್ತಾಗಿಲ್ಲ.”

ಈ ಮಾತಿನ ತಲೆಬುಡ ತಿಳಿಯಲು ನನಗೆ ಆ ಸಂಜೆಯವರೆಗೂ ಕಾಯಬೇಕಾಯಿತು. ವಿಜಯಪುರದ ಕಾಲೇಜಿನಲ್ಲಿ ಓದುತ್ತಿರುವ ತಂಗಿಯ ಮಗ ಶನಿವಾರದ ಬಸ್ಸಿಗೆ ಊರಿಗೆ ಬಂದ ಮೇಲೆ ವಿಷಯವೆಲ್ಲ ಹೊರಬಿದ್ದಿತು. ಓದುಗರ ಮನೆಗಳಲ್ಲಿಯೂ ಇಂಥ ಮಕ್ಕಳಿರುವುದರಿಂದ, ನಡೆದುದನ್ನು ಮೊದಲಿನಿಂದ ಹೇಳುವುದೇ ಒಳ್ಳೆಯದು.

ಜಪಾನಿನವರು ಕೈಯಿಂದ ಬರೆದ ಚಿತ್ರಗಳಿಗೆ ಚಲನೆ ಕೊಟ್ಟು ಮಾಡುವ ಕಥಾಮಾಲೆಗಳಿಗೆ ‘ಅನಿಮೆ’ ಎಂದು ಹೆಸರು. ಇವು ಮಕ್ಕಳ ಆಟಿಕೆಯೆಂದು ತಿಳಿಯುವುದು ತಪ್ಪು. ನಮ್ಮ ವಾರಪತ್ರಿಕೆಗಳ ಧಾರಾವಾಹಿಗಳಲ್ಲಿ ಏನೇನು ಇರುವುದೋ ಅದೆಲ್ಲ ಅಲ್ಲಿಯೂ ಇದೆ: ಸಂಸಾರ, ಪ್ರೇಮ, ಯುದ್ಧ, ಭೂತ, ಮನೆ ಬಿಟ್ಟು ಓಡಿಹೋದ ಮಗ. ನಮ್ಮಲ್ಲಿ ಇದು ತೀರ ಹೊಸತೂ ಅಲ್ಲ. 1993ರಲ್ಲಿ ದೂರದರ್ಶನ ಭಾನುವಾರ ಬೆಳಿಗ್ಗೆ ತೋರಿಸಿದ ‘ಜಂಗಲ್ ಬುಕ್’ ಜಪಾನಿನಲ್ಲಿಯೇ ತಯಾರಾದುದು; ನಮ್ಮ ಮನೆಗಳ ಮಕ್ಕಳು ಹಿಂದಿಯ ಮೋಗ್ಲಿಯನ್ನು ತಮ್ಮವನೆಂದೇ ತಿಳಿದು ಬೆಳೆದರು.

ನಮ್ಮ ಹುಡುಗ ಮೆಚ್ಚಿಕೊಂಡ ಕಥಾಮಾಲೆ ಇಪ್ಪತ್ತನಾಲ್ಕು ಕಂತುಗಳದು. ತಾಯಿಯಿಲ್ಲದ ಹುಡುಗಿಯೊಬ್ಬಳು ಅಜ್ಜಿಯ ಮನೆಯಿಂದ ಹೊರಟು ಊರೂರು ತಿರುಗುವ ಕತೆ. ಅದರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಮೂವರು ವಿದ್ಯಾರ್ಥಿಗಳಿಗೆ ತೊಂದರೆಯಾದೀತು. ಅವನು ಅದನ್ನು ಇಂಗ್ಲಿಷ್ ಅಡಿಬರಹದೊಡನೆ ರಾತ್ರಿ ನೋಡುತ್ತಿದ್ದನಂತೆ. ನಿದ್ದೆ ಬಾರದ ಆಯಿ ಪಕ್ಕದಲ್ಲಿ ಬಂದು ಕುಳಿತು, “ಏನಂದಳೋ? ಯಾಕ ಅಳಾಕತ್ತಾಳೋ?” ಎಂದು ಕೇಳುವುದು, ಅವನು ನಿಲ್ಲಿಸಿ ನಿಲ್ಲಿಸಿ ಹೇಳುವುದು. ಹೀಗೆ ಎರಡು ಕಂತು ಮುಗಿಯುವಷ್ಟರಲ್ಲಿ ಇಬ್ಬರಿಗೂ ಸಾಕಾಯಿತು. ಆಯಿ ನಾಲ್ಕನೆಯ ಇಯತ್ತೆಯವರೆಗೆ ಓದಿದವರು. ಅಕ್ಷರ ದಪ್ಪಗಿದ್ದರೆ ಕನ್ನಡಕ ಹಾಕಿಕೊಂಡು ಸಲೀಸಾಗಿ ಓದಬಲ್ಲರು. ಹಾಗಾದರೆ ಕನ್ನಡದಲ್ಲಿಯೇ ಅಡಿಬರಹ ಬರೆದರೇನು ಎಂದು ಹುಡುಗನಿಗೆ ಹೊಳೆಯಿತು. ಕಾಲೇಜಿನ ಇಬ್ಬರು ಜೊತೆಗೂಡಿದರು. ಒಬ್ಬಾಕೆ ಗಡಿಯಾಚೆಯ ಜತ್ತ ತಾಲ್ಲೂಕಿನವಳು: ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ; ಜಪಾನಿ ಭಾಷೆಯನ್ನೂ ಅಲ್ಪಸ್ವಲ್ಪ ಕಲಿತವಳು.

ಅಡಿಬರಹದ ಕೆಲಸ ನೋಡುವುದಕ್ಕೆ ಸುಲಭ, ಮಾಡುವುದಕ್ಕೆ ಬಹಳ ಕಷ್ಟ. ಅದು ಚಿತ್ರದೊಳಗೆ ಸೇರಿರಬೇಕೆಂದಿಲ್ಲ. ಬೇರೆಯೇ ಒಂದು ಸಣ್ಣ ಬರಹದ ಕಡತವಾಗಿ ಇರಬಹುದು. ಇಂತಿಷ್ಟನೆಯ ನಿಮಿಷದ ಇಂತಿಷ್ಟನೆಯ ಸೆಕೆಂಡಿನಲ್ಲಿ ಈ ಸಾಲು ಕಾಣಿಸಲಿ, ಇಂಥ ಸೆಕೆಂಡಿನಲ್ಲಿ ಮಾಯವಾಗಲಿ ಎಂದು ಸೆಕೆಂಡಿನ ಸಾವಿರದ ಒಂದು ಭಾಗದವರೆಗೆ ಲೆಕ್ಕ ಬರೆದಿರುತ್ತಾರೆ. ಇಪ್ಪತ್ತನಾಲ್ಕು ನಿಮಿಷದ ಒಂದು ಕಂತಿಗೆ ಸಾಲುಗಳು ನೂರಾರು. ಒಮ್ಮೆಗೆ ಎರಡು ಸಾಲಿಗಿಂತ ಹೆಚ್ಚು ಹಾಕಿದರೆ ಓದುವವರ ಕಣ್ಣು ಚಿತ್ರವನ್ನು ಕಾಣುವುದಿಲ್ಲ. ನಮ್ಮ ಒತ್ತಕ್ಷರಗಳೋ ಮೇಲಿನ ಸಾಲಿನಿಂದ ಇಳಿದು ಕೆಳಗಿನ ಸಾಲನ್ನು ತುಳಿಯುವವು. ಆಯಿ ಓದುವ ವೇಗಕ್ಕೆ ಹೊಂದಿಸಬೇಕಾಗಿ ಬಂದುದರಿಂದ ಹುಡುಗರು ಮಾತನ್ನು ಕತ್ತರಿಸಿ ಕತ್ತರಿಸಿ ಚಿಕ್ಕದು ಮಾಡಿದರಂತೆ. ಸಂಪಾದಕರ ಕೈಕೆಳಗೆ ಹತ್ತು ವರ್ಷ ಇದ್ದರೂ ನನಗೆ ಬಾರದ ವಿದ್ಯೆಯನ್ನು ಆ ಹುಡುಗರು ಮೂರು ತಿಂಗಳಲ್ಲಿ ಕಲಿತುಬಿಟ್ಟರು.

ಆದರೆ ನಾನು ಹೇಳಬೇಕೆಂದಿರುವುದು ಇದಲ್ಲ. ಮೊದಲನೆಯ ಕಂತಿನಲ್ಲಿ ಹುಡುಗಿ ಹೊಸ್ತಿಲು ದಾಟುವಾಗ ಅಜ್ಜಿಗೊಂದು ಮಾತು ಹೇಳುತ್ತಾಳೆ. ಇಂಗ್ಲಿಷ್ ಅಡಿಬರಹದಲ್ಲಿ ಅದು ‘ನಾನು ಹೊರಟೆ’ ಎಂಬರ್ಥದಲ್ಲಿದ್ದಿತು. ಹುಡುಗರು ಹಾಗೆಯೇ ಬರೆದರು. ಆಯಿ ಓದಿ ಮುಖ ಗಂಟಿಕ್ಕಿಕೊಂಡರು.

“ಮನಿಯಿಂದ ಹೊರಗ ಬೀಳೂಮುಂದ ಹೊಂಟೆ ಅಂತ ಅನಬಾರದಪ್ಪ. ಹೋಗಿ ಬರ್ತೀನಿ ಅನಬೇಕು. ಇಷ್ಟು ಚೆಂದ ಹುಡುಗಿಗೆ ಅಷ್ಟೂ ಗೊತ್ತಿಲ್ಲೇನು?”

ಜತ್ತದ ಹುಡುಗಿ ಮೂಲದ ಧ್ವನಿಯನ್ನು ಮತ್ತೆ ಕೇಳಿ ನೋಡಿದಳು. ಅಲ್ಲಿದ್ದ ಮಾತು ‘ಇತ್ತೆಕಿಮಾಸು’. ಬಿಡಿಸಿದರೆ, ಹೋಗಿ ಬರುತ್ತೇನೆ! ಅಜ್ಜಿಯ ಮರುಮಾತು ‘ಇತ್ತೆರಾಶ್ಶಾಯ್’: ಹೋಗಿ ಬಾ. ಸಾವಿರಾರು ಮೈಲಿ ದೂರದ ಎರಡು ನಾಡುಗಳಲ್ಲಿ ಒಂದೇ ಮಾತು, ಒಂದೇ ಹೊಸ್ತಿಲಿನ ಮೇಲೆ. ಇಂಗ್ಲಿಷಿನ ಕೈಯಲ್ಲಿ ಸಿಕ್ಕು ಅದು ನಡುದಾರಿಯಲ್ಲಿ ಸತ್ತುಹೋಗಿದ್ದಿತು. ಘೋಣಸಗಿಯ ಮುದುಕಿ ಜಪಾನಿ ಬಾರದೆಯೇ ಅದನ್ನು ಮರಳಿ ಬದುಕಿಸಿದರು.

ಆ ಮೇಲೆ ಹುಡುಗರಿಗೆ ಹುರುಪು ಬಂದಿತು. ಜಪಾನಿಯಲ್ಲಿಯೂ ಕನ್ನಡದಂತೆ ಕ್ರಿಯಾಪದ ಕೊನೆಗೆ ಬರುತ್ತದೆ. ಆದುದರಿಂದ ಮಾತನಾಡುವವನು ತಡೆದು ತಡೆದು ಕೊನೆಯಲ್ಲಿ ಬಿಚ್ಚುವ ಗುಟ್ಟನ್ನು ಕನ್ನಡದಲ್ಲಿಯೂ ಕೊನೆಯವರೆಗೆ ಹಿಡಿದಿಡಬಹುದು. ಗುರುತಿಲ್ಲದ ಹುಡುಗಿಯನ್ನು ಅಲ್ಲಿಯವರು ‘ಒನೇಸಾನ್’ ಎನ್ನುತ್ತಾರೆ, ಹುಡುಗನನ್ನು ‘ಒನೀಸಾನ್’ ಎನ್ನುತ್ತಾರೆ. ಇಂಗ್ಲಿಷಿನವನು ಇದಕ್ಕೆ ತಲೆ ಕೆರೆದುಕೊಳ್ಳುವನು. ನಮಗೆ ಅಕ್ಕ, ಅಣ್ಣ ಎಂದು ಬರೆದರೆ ಮುಗಿಯಿತು. ಬಹುವಚನದ ಗೌರವಕ್ಕೆ, ‘ರೀ’ಗೆ ನಮ್ಮ ಉತ್ತರದ ಸೀಮೆಯಲ್ಲೇನು ಬರಗಾಲವೇ? ಹೀಗೆ ಹದಿಮೂರು ಕಂತುಗಳಾದವು. ಅವನ್ನು ಅಂತರ್ಜಾಲದಲ್ಲಿ ಬಿಟ್ಟಿಯಾಗಿ ಇಟ್ಟರು. ಯಾರಾರೋ ಓದಿ ಮೆಚ್ಚಿದರಂತೆ. ಆಯಿಗೆ ಅದೆಲ್ಲ ಬೇಕಿರಲಿಲ್ಲ. ಹದಿಮೂರನೆಯ ಕಂತಿನ ಕೊನೆಯಲ್ಲಿ ಹುಡುಗಿ ಬಂದರಿನಲ್ಲಿ ನಿಂತಿದ್ದಳು, ಹಡಗು ಕೂಗಿದ್ದಿತು. ಅಷ್ಟೇ ಅವರ ಚಿಂತೆ.

ಕಳೆದ ದೀಪಾವಳಿಯ ಹೊತ್ತಿಗೆ ಒಂದು ಕಂಪನಿ ಆ ಕಥಾಮಾಲೆಯನ್ನು ಭಾರತದಲ್ಲಿ ತೋರಿಸುವ ಹಕ್ಕನ್ನು ಕೊಂಡುಕೊಂಡಿತು. ಹುಡುಗರ ಮಾತಿನಲ್ಲಿ, ‘ಲೈಸೆನ್ಸ್ ಆಯಿತು.’ ಇಂಗ್ಲಿಷ್ ಅಡಿಬರಹ ಬಂದಿತು, ಹಿಂದಿಯ ಧ್ವನಿ ಬಂದಿತು, ತರುವಾಯ ತಮಿಳು ತೆಲುಗೂ ಬಂದವು. ಕನ್ನಡ ಬರಲಿಲ್ಲ. ಮೂವರೂ ಕಾಲೇಜಿನ ಎದುರಿನ ಚಹದಂಗಡಿಯಲ್ಲಿ ಕುಳಿತು ಪಂಚಾಯಿತಿ ನಡೆಸಿದರು. ನಿಲ್ಲಿಸುವುದೆಂದು ಇಬ್ಬರ ಮತ, ಬೇಡವೆಂದು ಜತ್ತದ ಹುಡುಗಿಯ ಮತ. ಹದಿಮೂರು ಕಡತಗಳನ್ನೂ ಅಳಿಸಿಹಾಕಿದರು.

“ಯಾಕೆ ಅಳಿಸಿದಿರಿ? ಯಾರಾದರೂ ನೋಟೀಸು ಕೊಟ್ಟಿದ್ದರೇ?” ಎಂದು ನಾನು ಕೇಳಿದೆ.

“ಇಲ್ಲ ಮಾಮಾ. ಲೈಸೆನ್ಸ್ ಆದ ಮ್ಯಾಲೆ ನಿಲ್ಲಿಸಬೇಕು ಅಂತ ರೂಢಿ ಐತಿ” ಎಂದ.

ಈ ರೂಢಿಗೆ ಒಂದು ಇತಿಹಾಸವಿದೆ. ಅಮೆರಿಕದಲ್ಲಿ 1980ರ ದಶಕದಿಂದ ಅನಿಮೆಯ ಅಭಿಮಾನಿಗಳು ಜಪಾನಿನಿಂದ ವೀಡಿಯೋ ಸುರುಳಿಗಳನ್ನು ತರಿಸಿ, ಮನೆಯ ಕಂಪ್ಯೂಟರಿನಿಂದ ಇಂಗ್ಲಿಷ್ ಅಡಿಬರಹ ಸೇರಿಸಿ, ಸುರುಳಿಯ ಬೆಲೆ ಅಂಚೆವೆಚ್ಚ ಮಾತ್ರ ತೆಗೆದುಕೊಂಡು ಒಬ್ಬರಿಗೊಬ್ಬರು ಕಳಿಸುತ್ತಿದ್ದರು. ಕಾನೂನಿನ ಪ್ರಕಾರ ಅದು ತಪ್ಪೇ. ಆದರೂ ಅವರಲ್ಲಿಯೇ ಒಂದು ಕಟ್ಟಳೆ ಬೆಳೆಯಿತು: ಯಾವ ಚಿತ್ರಕ್ಕೆ ಅಮೆರಿಕದ ಕಂಪನಿ ಹಕ್ಕು ಪಡೆಯುವುದೋ ಆ ಚಿತ್ರದ ಸುರುಳಿ ಹಂಚುವುದನ್ನು ಅಂದೇ ನಿಲ್ಲಿಸಬೇಕು. ಎಲ್ಲರೂ ಪಾಲಿಸಿದರೆಂದಲ್ಲ; ಪಾಲಿಸದವರಿಗೆ ಮಾನವಿರಲಿಲ್ಲ. ಜಪಾನಿನವರೂ ಬಹುಕಾಲ ಕಂಡೂ ಕಾಣದಂತಿದ್ದರು. 2004ರ ಡಿಸೆಂಬರಿನಲ್ಲಿ ಮೀಡಿಯಾ ಫ್ಯಾಕ್ಟರಿ ಎಂಬ ಜಪಾನೀ ಸಂಸ್ಥೆ ವಕೀಲರ ಮೂಲಕ ಅಭಿಮಾನಿಗಳ ತಂಡಗಳಿಗೆ ಕಾಗದ ಬರೆಸಿ, ತನ್ನ ಚಿತ್ರಗಳನ್ನು ಮುಟ್ಟಬೇಡಿರೆಂದಾಗ, ಲೈಸೆನ್ಸ್ ಆಗುವವರೆಗೆ ಅಡ್ಡಿಯಿಲ್ಲವೆಂಬ ಭಾವನೆಗೆ ಮೊದಲ ಪೆಟ್ಟು ಬಿದ್ದಿತು.

ಮುಂದಿನ ಕತೆ ಇನ್ನೂ ಸ್ವಾರಸ್ಯದ್ದು. 2006ರಲ್ಲಿ ಅಮೆರಿಕದಲ್ಲಿ ‘ಕ್ರಂಚಿರೋಲ್’ ಎಂಬ ತಾಣ ಹುಟ್ಟಿತು. ಅಭಿಮಾನಿಗಳು ಅಡಿಬರಹ ಹಾಕಿದ ಚಿತ್ರಗಳನ್ನು ಅಪ್ಪಣೆಯಿಲ್ಲದೆ ಅಲ್ಲಿ ಏರಿಸುತ್ತಿದ್ದರು. ಜನ ಸೇರಿದರು, ಬಂಡವಾಳವೂ ಬಂದಿತು. 2009ರ ಜನವರಿಯಿಂದ ಅದು ಟಿ.ವಿ. ಟೋಕಿಯೋ ಸಂಸ್ಥೆಯೊಡನೆ ಒಪ್ಪಂದ ಮಾಡಿಕೊಂಡು, ಕಳ್ಳಸರಕನ್ನೆಲ್ಲ ಹೊರಹಾಕಿ, ಸಭ್ಯ ಗೃಹಸ್ಥನಾಯಿತು. 2021ರಲ್ಲಿ ಸೋನಿ ಕಂಪನಿ ಅದನ್ನು ಸುಮಾರು 117 ಕೋಟಿ ಡಾಲರಿಗೆ ಕೊಂಡಿತು. ವೀಡಿಯೋ ಸುರುಳಿಯ ಕಾಲದಲ್ಲಿ ಬಿಟ್ಟಿ ದುಡಿದ ಅಭಿಮಾನಿಗಳಿಗೆ ಅದರಲ್ಲಿ ಕವಡೆಯೂ ಬರಲಿಲ್ಲವೆಂದು ನಾನು ಮರುಗುವುದಿಲ್ಲ; ಅವರು ಕವಡೆಗಾಗಿ ದುಡಿದವರಲ್ಲ. ಅವರು ಬಯಸಿದುದು ಅವರಿಗೆ ದೊರಕಿತು. ಇಂದು ಎಷ್ಟೋ ಚಿತ್ರಗಳು ಜಪಾನಿನಲ್ಲಿ ಪ್ರಸಾರವಾದ ಒಂದೆರಡು ಗಂಟೆಯಲ್ಲಿ ಇಂಗ್ಲಿಷ್ ಅಡಿಬರಹದೊಡನೆ ಅಮೆರಿಕದವನ ಮನೆಯಲ್ಲಿರುತ್ತವೆ. ಇಂಗ್ಲಿಷ್ ಓದುವವನಿಗೆ ಅಭಿಮಾನಿಯ ಸೇವೆ ಬಹುಮಟ್ಟಿಗೆ ಬೇಡವಾಯಿತು. ನಿಲ್ಲಿಸಬೇಕೆಂಬ ಕಟ್ಟಳೆ ಆ ಭಾಷೆಯ ಮಟ್ಟಿಗೆ ನ್ಯಾಯವಾದುದು: ಒಬ್ಬನು ನಿಲ್ಲಿಸಿದನು, ಇನ್ನೊಬ್ಬನು ಅದೇ ಭಾಷೆಯಲ್ಲಿ ಕೊಟ್ಟನು.

ನಮ್ಮ ಹುಡುಗರು ಆ ಕಟ್ಟಳೆಯನ್ನು ಹಾಗೆಯೇ ಎತ್ತಿ ತಂದು ಕನ್ನಡಕ್ಕೆ ಹಚ್ಚಿದರು. ತೊಂದರೆ ಇರುವುದು ಅಲ್ಲಿ. ಹಕ್ಕನ್ನು ಮಾರುವುದು ದೇಶವನ್ನು ನೋಡಿ. ಕತೆಯ ಹಸಿವು ಹುಟ್ಟುವುದು ಭಾಷೆಯಲ್ಲಿ. ಭಾರತದ ಹಕ್ಕು ಪಡೆದವನು ಭಾರತದ ಭಾಷೆಗಳಿಗೆಲ್ಲ ಊಟ ಬಡಿಸುವೆನೆಂದು ಬರೆದುಕೊಟ್ಟಿರುವುದಿಲ್ಲ. ಅವನು ಬಡಿಸದ ಭಾಷೆ ಸಾರ್ವಜನಿಕರ ಪಾಲಿಗೂ ಬರುವುದಿಲ್ಲ. ಅದು ಜಪಾನಿನ ಒಡೆಯನ ಪೆಟ್ಟಿಗೆಯಲ್ಲಿಯೇ ಉಳಿಯುತ್ತದೆ. 2025ರ ಜನವರಿಯಲ್ಲಿ ಜಪಾನಿನ ಯುಗೋ ಸಾಕೋ ಅವರೂ ನಮ್ಮ ರಾಮಮೋಹನರೂ ಕೂಡಿ ಮಾಡಿದ ಹಳೆಯ ರಾಮಾಯಣದ ಅನಿಮೆ ಚಿತ್ರ ಭಾರತದಲ್ಲಿ ಮತ್ತೆ ತೆರೆಕಂಡಿತು: ಇಂಗ್ಲಿಷ್, ಹಿಂದಿ, ತಮಿಳು, ತೆಲುಗು. ಅದೇ ವರ್ಷ ಸೆಪ್ಟೆಂಬರ್ 12ರಂದು ‘ಡೀಮನ್ ಸ್ಲೇಯರ್’ ಚಿತ್ರ ಬಂದಿತು: ಜಪಾನಿಯ ಜೊತೆಗೆ ಮತ್ತೆ ಅವೇ ನಾಲ್ಕು. 2011ರ ಜನಗಣತಿಯಲ್ಲಿ ಕನ್ನಡವನ್ನು ತಾಯ್ನುಡಿಯೆಂದು ಬರೆಸಿದವರು ಸುಮಾರು 4 ಕೋಟಿ 37 ಲಕ್ಷ. ರಾಮನ ಕತೆಯೂ ಇಷ್ಟು ಜನಕ್ಕೆ ಅವರ ಭಾಷೆಯಲ್ಲಿ ಬರಲಿಲ್ಲವೆಂದರೆ, ತಾಯಿಯಿಲ್ಲದ ಆ ಹುಡುಗಿಯ ಕತೆಗೆ ಯಾರು ದಿಕ್ಕು?

ಇದಕ್ಕೆ ವ್ಯಾಪಾರಿಗಳನ್ನು ಮಾತ್ರ ದೂರಿದರೆ ನಮ್ಮ ಬೆನ್ನನ್ನು ನಾವು ನೋಡಿಕೊಳ್ಳದ ಹಾಗಾದೀತು. 1960ರ ದಶಕದಲ್ಲಿ ಅ.ನ. ಕೃಷ್ಣರಾಯರು, ಮ. ರಾಮಮೂರ್ತಿಗಳು ಮೊದಲಾದವರ ಮುಂದಾಳುತನದಲ್ಲಿ ಪರಭಾಷೆಯ ಚಿತ್ರಗಳಿಗೆ ಕನ್ನಡದ ಮಾತು ಜೋಡಿಸುವ ಡಬ್ಬಿಂಗಿಗೆ ವಿರೋಧ ಎದ್ದಿತು. ಆಗ ಅದಕ್ಕೆ ಕಾರಣವಿದ್ದಿತು; ಮದರಾಸಿನ ನೆರಳಿನಲ್ಲಿ ಕಣ್ಣು ಬಿಡುತ್ತಿದ್ದ ಕನ್ನಡ ಚಿತ್ರರಂಗಕ್ಕೆ ಅನ್ನ ಬೇಕಾಗಿದ್ದಿತು. ಆದರೆ ಕೂಸಿಗೆ ಕಟ್ಟಿದ ಬೇಲಿ ಅದು ಮೀಸೆ ಬಂದು ಮೊಮ್ಮಕ್ಕಳನ್ನು ಕಂಡ ಮೇಲೂ ಉಳಿದುಕೊಂಡಿತು. 2012ರಲ್ಲಿ ಆಮಿರ್ ಖಾನರ ‘ಸತ್ಯಮೇವ ಜಯತೇ’ ನೆರೆಯ ಭಾಷೆಗಳಿಗೆಲ್ಲ ಹೋದರೂ ಕನ್ನಡದ ಟೆಲಿವಿಷನ್ನಿಗೆ ಬರಲಾಗಲಿಲ್ಲ. ಕನ್ನಡ ಗ್ರಾಹಕರ ಕೂಟದವರು ದೂರು ಕೊಂಡೊಯ್ದರು. 2015ರ ಜುಲೈ 27ರಂದು ದೆಹಲಿಯ ಸ್ಪರ್ಧಾ ಆಯೋಗ ಡಬ್ಬಿಂಗನ್ನು ತಡೆಯುವುದು ಕಾನೂನಿಗೆ ವಿರುದ್ಧವೆಂದು ತೀರ್ಪಿತ್ತಿತು. 2017ರ ಮಾರ್ಚಿನಲ್ಲಿ ತಮಿಳಿನಿಂದ ಬಂದ ‘ಸತ್ಯದೇವ್ ಐ.ಪಿ.ಎಸ್.’ ತೆರೆಕಂಡಿತು. ಈ ಐವತ್ತು ವರ್ಷಗಳಲ್ಲಿ ತಮಿಳು ತೆಲುಗಿನಲ್ಲಿ ಧ್ವನಿ ಕೊಡುವವರ ಕಸುಬು ಬೇರುಬಿಟ್ಟಿತು, ನಮ್ಮಲ್ಲಿ ಬಿಡಲಿಲ್ಲ. ಜಪಾನಿನ ಸರಕು ಬಂದಾಗ ವ್ಯಾಪಾರಿಯ ಪಟ್ಟಿಯಲ್ಲಿ ಸಿದ್ಧವಾಗಿದ್ದ ಭಾಷೆಗಳ ಹೆಸರಿದ್ದಿತು, ನಮ್ಮದಿರಲಿಲ್ಲ ಎಂದು ನನ್ನ ತಿಳಿವಳಿಕೆ. ವಿನೋದವೆಂದರೆ, ಅಡಿಬರಹಕ್ಕೆ ಯಾರ ವಿರೋಧವೂ ಇರಲಿಲ್ಲ. ಅದನ್ನು ಕೇಳಬಹುದೆಂದು ನಮಗೆ ತೋರಲೇ ಇಲ್ಲ. ಮಲಯಾಳಿಗಳಿಗೆ ತೋರಿತು: 2012ರಲ್ಲಿ ‘ಎಂಸೋನ್’ ಎಂಬ ಅಭಿಮಾನಿಗಳ ಕೂಟ ಕಟ್ಟಿಕೊಂಡು ಇರಾನಿನ, ಕೊರಿಯಾದ, ಜಪಾನಿನ ಚಿತ್ರಗಳಿಗೆ ಸಾವಿರಗಟ್ಟಲೆ ಮಲಯಾಳ ಅಡಿಬರಹಗಳನ್ನು ಬರೆದು ಕೂಡಿಸಿದ್ದಾರೆ.

ಕಾನೂನು ಏನನ್ನುತ್ತದೆ? ನಾನು ವಕೀಲನಲ್ಲ, ಆದರೂ ಕಪಾಟಿನಲ್ಲಿದ್ದ ಹಳೆಯ ಪುಸ್ತಕಗಳನ್ನು ತೆಗೆದು ನೋಡಿದೆ. 1914ರ ಭಾರತದ ಕೃತಿಸ್ವಾಮ್ಯ ಕಾಯಿದೆಯಲ್ಲಿ ಒಂದು ಅಪೂರ್ವವಾದ ಕಲಮು ಇದ್ದಿತು. ಬ್ರಿಟಿಷ್ ಹಿಂದುಸ್ಥಾನದಲ್ಲಿ ಮೊದಲು ಪ್ರಕಟವಾದ ಗ್ರಂಥದ ಭಾಷಾಂತರದ ಮೇಲೆ ಗ್ರಂಥಕರ್ತನಿಗೆ ಏಕಾಧಿಕಾರ ಹತ್ತು ವರ್ಷ ಮಾತ್ರ. ಆ ಹತ್ತು ವರ್ಷದೊಳಗೆ ಆತನಾಗಲಿ, ಆತನ ಅಪ್ಪಣೆ ಪಡೆದವನಾಗಲಿ ಯಾವ ಭಾಷೆಯಲ್ಲಿ ಭಾಷಾಂತರ ಪ್ರಕಟಿಸುವನೋ ಆ ಭಾಷೆಯ ಮಟ್ಟಿಗೆ ಅಧಿಕಾರ ಮುಂದುವರಿಯುವುದು. ಅವನು ಮುಟ್ಟದೆ ಬಿಟ್ಟ ಭಾಷೆಗಳ ಬಾಗಿಲು ಎಲ್ಲರಿಗೂ ತೆರೆಯುವುದು. ಹಕ್ಕನ್ನು ಭಾಷೆ ಭಾಷೆಯಾಗಿ ಅಳೆದ ಕಲಮು ಇದು! ಬಿ. ವೆಂಕಟಾಚಾರ್ಯರು ಬಂಕಿಮಚಂದ್ರರನ್ನೂ, ಗಳಗನಾಥರು ಹರಿ ನಾರಾಯಣ ಆಪ್ಟೆಯವರನ್ನೂ ತಂದುಕೊಟ್ಟುದರಿಂದಲೇ ಕನ್ನಡದ ಮನೆಗಳಲ್ಲಿ ಕಾದಂಬರಿ ಓದುವ ಚಟ ಹುಟ್ಟಿತೆಂಬುದನ್ನು ನೆನೆದರೆ, ಆ ಕಾಲದವರಿಗೆ ಭಾಷಾಂತರದ ಬೆಲೆ ಗೊತ್ತಿದ್ದಿತು ಎನ್ನಬೇಕು.

1957ರ ಕಾಯಿದೆ ಬಂದು ಆ ಹತ್ತು ವರ್ಷದ ಮಿತಿ ಹೋಯಿತು. ಆದರೂ 32ನೆಯ ಕಲಮಿನಲ್ಲಿ ಒಂದು ಕಿಂಡಿ ಉಳಿದಿದೆ. ಗ್ರಂಥವೋ ನಾಟಕವೋ ಪ್ರಕಟವಾಗಿ ಏಳು ವರ್ಷ ಕಳೆದರೂ ಒಂದು ಭಾಷೆಯಲ್ಲಿ ಒಡೆಯನು ಅದರ ಭಾಷಾಂತರ ಹೊರಡಿಸದಿದ್ದರೆ, ಅವನನ್ನು ಕೇಳಿ ಒಪ್ಪಿಗೆ ಸಿಗದವನು, ಅಥವಾ ಅವನನ್ನು ಹುಡುಕಿಯೂ ಕಾಣದವನು, ಅಧಿಕಾರಿಗಳಿಗೆ ಅರ್ಜಿ ಹಾಕಿ, ಒಡೆಯನಿಗೆ ಗೌರವಧನ ಕಟ್ಟಿ ಭಾಷಾಂತರಕ್ಕೆ ಲೈಸೆನ್ಸ್ ಪಡೆಯಬಹುದು. ಮೊದಲು ಈ ಅರ್ಜಿ ಕೃತಿಸ್ವಾಮ್ಯ ಮಂಡಲಿಗೆ ಹೋಗುತ್ತಿದ್ದಿತು, ಈಗ ನ್ಯಾಯಾಲಯಕ್ಕೆ. ನಮ್ಮ ಹುಡುಗರಿಗೆ ಇದಕ್ಕಿಂತ ಒಳ್ಳೆಯ ದಾರಿ ಯಾವುದು ಎಂದು ಹಿಗ್ಗಿದೆ. ಆದರೆ ನಾಟಕವೆಂದರೆ ಚಲನಚಿತ್ರ ಸೇರುವುದಿಲ್ಲವೆಂದು ಅದೇ ಕಾಯಿದೆ ಮೊದಲಲ್ಲಿಯೇ ಹೇಳಿಬಿಟ್ಟಿದೆ. ಪುಸ್ತಕಕ್ಕೆ ಇರುವ ಕಿಂಡಿ ಚಿತ್ರಕ್ಕೆ ಇಲ್ಲ. 2012ರ ತಿದ್ದುಪಡಿಯಲ್ಲಿ ಅಂಗವಿಕಲರಿಗೆ ಎಟುಕುವಂತೆ ಲಾಭದಾಸೆಯಿಲ್ಲದೆ ಕೃತಿಯನ್ನು ಮಾರ್ಪಡಿಸುವುದಕ್ಕೆ ಅನುಮತಿಯಿದೆ. ಕಿವಿ ಕೇಳದವನಿಗೆ ದಾರಿಯುಂಟು; ಕಿವಿ ಕೇಳಿದರೂ ಭಾಷೆ ತಿಳಿಯದವನಿಗೆ ಇಲ್ಲ.

ಚಿತ್ರವನ್ನು ಮುಟ್ಟದೆ ಮಾತನ್ನು ಮಾತ್ರ ಬರೆದರೆ ತಪ್ಪೇನು ಎಂದು ಕೇಳುವವರುಂಟು. ಹಾಲೆಂಡಿನ ಅಭಿಮಾನಿಗಳು ಇದನ್ನೇ ನ್ಯಾಯಾಲಯದಲ್ಲಿ ಕೇಳಿದರು. 2017ರಲ್ಲಿ ಆಂಸ್ಟರ್‌ಡ್ಯಾಮಿನ ನ್ಯಾಯಾಲಯ ಅದೂ ತಪ್ಪೇ ಎಂದಿತು. ಜಪಾನಿನಲ್ಲಿ 2016ರಲ್ಲಿ ಚೀನೀ ಅಡಿಬರಹ ಹಾಕಿ ಹಂಚಿದವರನ್ನು ಕ್ಯೋಟೋ ಪೋಲೀಸರು ಹಿಡಿದೇಬಿಟ್ಟರು.

ಒಡೆಯರ ಪಕ್ಷವನ್ನೂ ಹೇಳದೆ ಬಿಡುವುದು ಸರಿಯಲ್ಲ. ಚಿತ್ರ ಬರೆಯುವ ಜಪಾನಿನ ತರುಣರಿಗೆ ಸಂಬಳ ಸಾಲದೆಂಬುದು ಆ ದೇಶದಲ್ಲಿಯೇ ಹಳೆಯ ದೂರು. ಬಿಟ್ಟಿ ನೋಡುವವನ ಪ್ರೀತಿಯಿಂದ ಅವರ ಅಕ್ಕಿ ಬೇಯುವುದಿಲ್ಲ. ನಮ್ಮ ಹುಡುಗರಿಗೆ ಆ ಚಿತ್ರ ಮೊದಲು ದೊರೆತ ದಾರಿಯೂ ರಾಜಮಾರ್ಗವಾಗಿರಲಿಲ್ಲ. ಅವನ ಮುಖ ನೋಡಿದಾಗಲೇ ನನಗೆ ತಿಳಿಯಿತು. ಅಭಿಮಾನಿಗಳ ಭಾಷಾಂತರವೆಲ್ಲ ಚೊಕ್ಕವೆಂದೂ ಅಲ್ಲ. ಇಂಗ್ಲಿಷಿನಿಂದ ಕನ್ನಡಕ್ಕೆ ತಂದಾಗ ಸೋಸಿದ ಚಹವನ್ನು ಮತ್ತೆ ಸೋಸಿದಂತಾಗುತ್ತದೆ. ಅದಕ್ಕೆ ‘ಹೊರಟೆ’ ಎಂಬ ಮಾತೇ ಸಾಕ್ಷಿ. ಆದುದರಿಂದ ಹುಡುಗರು ನಿಲ್ಲಿಸಿದುದನ್ನು ನಾನು ತಪ್ಪೆನ್ನಲಾರೆ. ಆದರೆ ಜತ್ತದ ಹುಡುಗಿ ಚಹದಂಗಡಿಯಲ್ಲಿ ಕೇಳಿದಳೆಂಬ ಪ್ರಶ್ನೆಗೆ ನನ್ನಲ್ಲಿ ಉತ್ತರವಿಲ್ಲ: ನಾವು ನಿಲ್ಲಿಸಿದ್ದರಿಂದ ಜಪಾನದಾಗ ಯಾರಿಗೆ ಎಷ್ಟು ರೊಕ್ಕ ಹೆಚ್ಚಿಗೆ ಮುಟ್ಟಿತು? ಕಂಪನಿಯು ಕನ್ನಡದಲ್ಲಿ ಮಾರುತ್ತಿದ್ದರೆ ನಷ್ಟದ ಮಾತು ಬರುತ್ತಿದ್ದಿತು. ಮಾರದ ಸರಕಿಗೆ ನಷ್ಟವೆಲ್ಲಿ? ಕನ್ನಡ ಅಡಿಬರಹ ಓದಬೇಕಾದರೆ ಹೇಗೂ ಚಿತ್ರ ಬೇಕು. ಚಂದಾ ಕಟ್ಟಿಯೇ ಚಿತ್ರ ನೋಡಲಿ, ಅದರ ಮೇಲೆ ಹುಡುಗರ ಕನ್ನಡವನ್ನು ಕಂಪನಿಯೇ ತಿದ್ದಿಸಿ ಹಚ್ಚಲಿ. ಅವರ ಕಂತೆಯಲ್ಲಿ ಇನ್ನೊಂದು ಸಣ್ಣ ಕಡತ ಸೇರುವುದೇ ಹೊರತು ಬೊಕ್ಕಸ ಬರಿದಾಗುವುದಿಲ್ಲ.

ಆ ರಾತ್ರಿ ಊಟವಾದ ಮೇಲೆ ಇದನ್ನೆಲ್ಲ ಆಯಿಗೆ ತಿಳಿಸಿ ಹೇಳಲು ಪ್ರಯತ್ನಿಸಿದೆ. ಹತ್ತು ವರ್ಷದ ಕಲಮು, 32ನೆಯ ಕಲಮು, ಆಂಸ್ಟರ್‌ಡ್ಯಾಮು ಎಲ್ಲವನ್ನೂ ತಾಳ್ಮೆಯಿಂದ ಕೇಳಿದರು. ಕೊನೆಗೆ ಎಂದರು:

“ನಮ್ಮ ಮನ್ಯಾಗ ರೇಡಿಯೋ ಇತ್ತಲ್ಲರಿ, ಅದಕ್ಕೂ ಲೈಸೆನ್ಸ್ ಇತ್ತು. ವರ್ಷಾ ವರ್ಷಾ ಪೋಸ್ಟಿನಾಗ ರೊಕ್ಕ ತುಂಬಿ ಬುಕ್ಕಿನ್ಯಾಗ ಬರಿಸಿಕೊಂಡು ಬರತಿದ್ರು ನಮ್ಮ ಮನಿಯವರು. ಇದಕ್ಕೂ ಎಷ್ಟ ತುಂಬಬೇಕಂತ ಕೇಳ್ರಿ, ತುಂಬೋಣು. ಯಾರದೂ ಬಿಟ್ಟಿ ಬ್ಯಾಡ ನಮಗ.”

ರೇಡಿಯೋ ಲೈಸೆನ್ಸನ್ನು ಸರ್ಕಾರ 1980ರ ದಶಕದಲ್ಲಿ ತೆಗೆದುಹಾಕಿತು. ಆದರೆ ಅದರಲ್ಲೊಂದು ಗುಣವಿದ್ದಿತು: ದುಡ್ಡು ಕಟ್ಟುವ ಕಿಟಕಿ ಎಲ್ಲಿದೆಯೆಂಬುದು ಮುದುಕಿಯರಿಗೂ ಗೊತ್ತಿದ್ದಿತು. ಈಗ ದುಡ್ಡು ಹಿಡಿದು ನಿಂತವಳು ಇದ್ದಾಳೆ, ಕಿಟಕಿಯಿಲ್ಲ. ಹಿಂದಿಯದನ್ನು ನೋಡಿರಿ ಎಂದರೆ, ಮರಾಠಿಯಾದರೆ ಅರ್ಧಮರ್ಧ ತಿಳಿಯುವುದು, ಹಿಂದಿ ಒಲ್ಲೆ ಎನ್ನುತ್ತಾರೆ. ಹಿಂದಿಯ ಹುಡುಗಿಯ ಧ್ವನಿ ಅವರಿಗೆ ಸೇರಲಿಲ್ಲವಂತೆ. ಅವಳು ಬೇರೆ ಯಾರೋ ಎನಿಸಿತಂತೆ.

ಈಗ ಅಲ್ಲಿ ನಡೆದಿರುವ ಏರ್ಪಾಡು ಹೀಗಿದೆ. ಹುಡುಗ ಕಂಪನಿಗೆ ತಿಂಗಳ ಚಂದಾ ಕಟ್ಟಿದ್ದಾನೆ. ಶನಿವಾರ ರಾತ್ರಿ ಧ್ವನಿಯನ್ನು ಜಪಾನಿಯಲ್ಲಿ ಇಟ್ಟು, ಇಂಗ್ಲಿಷನ್ನು ತಾನು ಓದಿಕೊಂಡು, ಪಕ್ಕದಲ್ಲಿ ಕುಳಿತು ಕನ್ನಡದಲ್ಲಿ ಹೇಳುತ್ತಾನೆ. ಮೂಕಚಿತ್ರಗಳ ಕಾಲದಲ್ಲಿ ಜಪಾನಿನಲ್ಲಿಯೇ ಪರದೆಯ ಪಕ್ಕದಲ್ಲಿ ನಿಂತು ಕತೆ ಹೇಳುವ ‘ಬೆನ್ಶಿ’ ಎಂಬವರಿದ್ದರು. ಅವರನ್ನು ಕೇಳುವುದಕ್ಕೆಂದೇ ಜನ ಬರುತ್ತಿದ್ದರಂತೆ. ಆ ಉದ್ಯೋಗ ಈಗ ಘೋಣಸಗಿಯಲ್ಲಿ ನಡೆದಿದೆ. ಮೊಮ್ಮಗನು ಅಜ್ಜಿಗೆ ಕತೆ ಹೇಳಬಾರದೆಂಬ ಕಲಮು ನನ್ನ ಪುಸ್ತಕಗಳಲ್ಲಿ ಸಿಕ್ಕಲಿಲ್ಲ. ಪರೀಕ್ಷೆ ಹತ್ತಿರ ಬಂದುದರಿಂದ ಎರಡು ಶನಿವಾರ ತಪ್ಪಿಹೋಗಿ, ನಾನು ಹೋದಾಗ ಹುಡುಗಿ ಇನ್ನೂ ಬಂದರಿನಲ್ಲಿಯೇ ಇದ್ದಳು. ಅದಕ್ಕೇ ಆ ಪ್ರಶ್ನೆ.

ಅಂದು ರಾತ್ರಿ ಹದಿನಾಲ್ಕನೆಯ ಕಂತನ್ನು ಮೂವರೂ ಕೂಡಿ ನೋಡಿದೆವು. ಅವಳು ಹಡಗು ಹತ್ತಿದಳೋ ಇಲ್ಲವೋ ಎಂಬುದನ್ನು ಹೇಳುವುದಿಲ್ಲ. ನೋಡುವ ಮನಸ್ಸುಳ್ಳವರ ರುಚಿ ಕೆಟ್ಟೀತು. ಬೆಂಗಳೂರಿಗೆ ಮರಳಿದ ಮೇಲೆ ಕಂಪನಿಯ ಭಾರತದ ಕಚೇರಿಗೆ ಒಂದು ಕಾಗದ ಬರೆದೆ. ಕನ್ನಡದಲ್ಲಿ ಅಡಿಬರಹ ಹಾಕುವ ಉದ್ದೇಶವಿದೆಯೇ, ಇಲ್ಲವಾದರೆ ಹದಿಮೂರು ಕಂತುಗಳನ್ನು ಒಮ್ಮೆ ಬರೆದು ಅಳಿಸಿದ ಮೂವರು ವಿದ್ಯಾರ್ಥಿಗಳಿಗೆ ಅನುಮತಿ ಕೊಡುವಿರಾ, ಅದಕ್ಕೆ ಎಷ್ಟು ಹಣ ಕಟ್ಟಬೇಕು, ಎಲ್ಲಿ ಕಟ್ಟಬೇಕು ಎಂದು ಕೇಳಿದ್ದೇನೆ. ಕಾಗದ ತಲುಪಿದೆಯೆಂದು ಯಂತ್ರದ ಉತ್ತರ ಬಂದಿದೆ. ಮನುಷ್ಯರದು ಇನ್ನೂ ಬಂದಿಲ್ಲ. ಬಂದ ವಾರ ಇದೇ ಪುಟದಲ್ಲಿ ತಿಳಿಸುತ್ತೇನೆ.